ಅಂಕಿತವಿಲ್ಲದ ಬೈಸಿಕಲ್ಲು

ಹಳೆಯ ವಸ್ತುಗಳ ವ್ಯಾಮೋಹಕ್ಕೆ ಸಿಕ್ಕವರು ಲೋಕದಲ್ಲಿ ಬಹುಮಂದಿ ಉಂಟು. ಆದರೆ ಚಕ್ರವಿಲ್ಲದ, ಹ್ಯಾಂಡಲ್ಲಿಲ್ಲದ, ಕೂರಲು ಸೀಟೂ ಇಲ್ಲದ ಓಟದ ಬೈಸಿಕಲ್ಲಿನ ಬರಿಯ ಚೌಕಟ್ಟೊಂದನ್ನು ಹಣ ತೆತ್ತು ಕೊಂಡು, ಅದನ್ನು ಹೆಗಲಿಗೇರಿಸಿಕೊಂಡು ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ವಿಜಯಿಯಂತೆ ನಡೆದುಬರುವವನ ವ್ಯಾಧಿಗೆ ವೈದ್ಯಶಾಸ್ತ್ರವು ಇನ್ನೂ ಔಷಧವನ್ನು ಕಂಡುಹಿಡಿದಂತಿಲ್ಲ. ನನಗೆ ಚೌಕಟ್ಟನ್ನು ಕೊಟ್ಟ ವೃದ್ಧನನ್ನು, ಇದನ್ನು ಮಾಡಿದವರಾರೆಂದು ಕೇಳಿದೆ. "ಯಾರೋ ಒಳ್ಳೆಯವರೇ" ಎಂದು ಆತ ಬಾಗಿಲು ಹಾಕಿಕೊಂಡನು. ಪದರಪದರವಾಗಿ ಬಳಿದ ಬಣ್ಣದ ಕೆಳಗೆ ಹೆಸರೆಂಬುದೊಂದಿತ್ತೋ ಇಲ್ಲವೋ, ಅದರ ಕುರುಹು ಸಹ ಉಳಿದಿರಲಿಲ್ಲ.

ಅನಾಮಧೇಯ ಚೌಕಟ್ಟನ್ನು ಹೊಂದಿದ ಪ್ರತಿಯೊಬ್ಬನೂ ಅದು ಮಹಾನುಭಾವನೊಬ್ಬನ ಕೃತಿಯೆಂದೇ ನಂಬಿರುತ್ತಾನೆ. ಲಂಡನ್ನಿನ ಹೆಚಿನ್ಸ್ ಮನೆತನದವರು ಹಿಂಬದಿಯ ಕೊಳವೆಗಳನ್ನು ಬಳುಕಿಸಿ, ಕೊಳವೆಗಳು ಕೂಡುವೆಡೆಯ ಲಗ್ಗುಗಳ ಅಂಚನ್ನು ಬಳ್ಳಿಯಂತೆ ಕೊರೆದು, ದೂರದಿಂದಲೇ ಗುರುತು ಹತ್ತುವ ಗಾಡಿಗಳನ್ನು ಮಾಡಿದರು. ಬೇಟ್ಸ್ ಎಂಬವರು ಮುಂದಿನ ಫೋರ್ಕನ್ನು ಎರಡು ಬಾರಿ ಬಗ್ಗಿಸಿದರು. ಹವ್ಯಾಸಿ ಸವಾರರ ಭಾವಚಿತ್ರಗಳಲ್ಲಿ ತಯಾರಕರ ಹೆಸರು ಕಾಣಕೂಡದೆಂಬ ನಿಯಮವಿದ್ದುದರಿಂದ, ಹೆಸರಿನ ಕೆಲಸವನ್ನು ಆಕಾರದಿಂದಲೇ ಮಾಡಿಸಿದರೆಂದು ಬಲ್ಲವರು ಕಥೆ ಹೇಳುವುದುಂಟು. ನಾನೂ ನನ್ನ ಕೊಳವೆಗಳನ್ನು ಬೆಳಗಿನ ಬಿಸಿಲಿನಲ್ಲಿಯೂ ಸಂಜೆಯ ದೀಪದಲ್ಲಿಯೂ ದಿಟ್ಟಿಸಿದೆನು. ಅವು ಯೂಕ್ಲಿಡನ ಸರಳರೇಖೆಯನ್ನು ಬಿಟ್ಟು ಕದಲಲೊಲ್ಲವು.

ಆಗ ಶಾಸ್ತ್ರೋಕ್ತವಾದ ವಿಮರ್ಶೆಗೆ ಕೈಹಾಕಿದೆ. ನಮ್ಮ ವಿದ್ವಾಂಸರು ಅಂಕಿತವಿಲ್ಲದ ಓಲೆಗರಿಯ ಗ್ರಂಥವೊಂದು ದೊರೆತಾಗ ಆಂತರಿಕ, ಬಾಹ್ಯ ಪ್ರಮಾಣಗಳಿಂದ ಕವಿಯ ದೇಶಕಾಲಗಳನ್ನು ನಿರ್ಣಯಿಸಿ, ಅನಂತರ ಒಬ್ಬರನ್ನೊಬ್ಬರು ಖಂಡಿಸುತ್ತ ಆಯುಷ್ಯವನ್ನು ಕಳೆಯುವಂತೆ, ಈ ವಿದ್ಯೆಯಲ್ಲಿಯೂ ದೇಶನಿರ್ಣಯವೇ ಮೊದಲು. ಚೌಕಟ್ಟನ್ನು ತಲೆಕೆಳಗು ಮಾಡಿ, ಪೆಡಲಿನ ಅಚ್ಚು ಕೂರುವ ಬಾಟಂ ಬ್ರ್ಯಾಕೆಟ್ಟಿನೊಳಗೆ ಇಣುಕಬೇಕು. ಇಟಲಿಯವರೂ ಫ್ರಾನ್ಸಿನವರೂ ಅಚ್ಚನ್ನು ಹಿಡಿಯುವ ಎರಡು ಕಡೆಯ ಬಟ್ಟಲುಗಳನ್ನೂ ಬಲಕ್ಕೇ ತಿರುಗಿಸಿ ಬಿಗಿಯುವರು. ಆಂಗ್ಲರು ಮಾತ್ರ, ತುಳಿತಕ್ಕೆ ಸಡಿಲಗೊಳ್ಳದಿರಲೆಂದು, ಬಲಗಡೆಯ ಬಟ್ಟಲಿಗೆ ಎಡತಿರುಪನ್ನು ಕೊಟ್ಟರು. ಸ್ವಿಟ್ಜರ್‌ಲೆಂಡಿನವರೂ ಈ ವಾಮಮಾರ್ಗವನ್ನು ಹಿಡಿದವರೇ ಆದರೂ ಅವರ ವ್ಯಾಸ 35 ಮಿಲಿಮೀಟರು. ನನ್ನದರ ಅಗಲ 68 ಮಿಲಿಮೀಟರು, ತಿರುಪು ಎಡ, ಸುತ್ತು ಅಂಗುಲಕ್ಕೆ 24. ಅಲ್ಲಿಗೆ ಜನ್ಮದೇಶವು ಇಂಗ್ಲೆಂಡೆಂದು ಸಿದ್ಧವಾಯಿತು. ನಾಟಿಂಗ್‌ಹ್ಯಾಮಿನ ರ್‍ಯಾಲಿ ಕಾರ್ಖಾನೆಯು ತನ್ನ ಸಾಮಾನ್ಯ ಗಾಡಿಗಳಿಗೆ ಅಂಗುಲಕ್ಕೆ 26 ಸುತ್ತಿನ ಸ್ವಂತ ಸಂಪ್ರದಾಯವನ್ನಿಟ್ಟುಕೊಂಡಿತ್ತಾದ್ದರಿಂದ, ಇದು ಆ ಮನೆಯ ಸಾಮಾನ್ಯ ಕೂಸಲ್ಲವೆಂಬುದೂ ಸಿದ್ಧವಾಯಿತು. ಹಾಸನದಲ್ಲಿ ನಮ್ಮ ತಂದೆಯವರ ಬಳಿ ಇದ್ದ ರ್‍ಯಾಲಿಯಾದರೋ ತನ್ನ ಕುಲವನ್ನು ಮುಚ್ಚಿಟ್ಟದ್ದೇ ಇಲ್ಲ: ಮುಂದೆ ಲೋಹದ ಬಿಲ್ಲೆಯಲ್ಲಿ ಕೊಕ್ಕರೆ, ಹಲ್ಲುಚಕ್ರದೊಳಗೂ ಕೊಕ್ಕರೆ. ಬೀದಿಯ ಸವಾರಿಗಾಗಿ ಹುಟ್ಟಿದ ಗಾಡಿಗೆ ಅಷ್ಟು ಬಿರುದಾವಳಿ, ಪಂದ್ಯಕ್ಕಾಗಿ ಹುಟ್ಟಿದ್ದಕ್ಕೆ ಈ ಮೌನ!

ಮುಂದಿನದು ಲೋಹಪರೀಕ್ಷೆ. ಸೀಟಿನ ಕಂಬವು 27.2 ಮಿಲಿಮೀಟರಿನದೇ ಸರಿಯಾಗಿ ಕೂತಿತು, 28.6 ಮಿಲಿಮೀಟರು ಹೊರವ್ಯಾಸದ ಕೊಳವೆಯೊಳಗೆ ಇಷ್ಟು ದಪ್ಪದ ಕಂಬ ಇಳಿಯಬೇಕಾದರೆ ಅದರ ಗೋಡೆ ತೆಳುವಾದ ಉತ್ತಮ ಉಕ್ಕೇ ಆಗಿರಬೇಕು. ಬರ್ಮಿಂಗ್‌ಹ್ಯಾಮಿನವರೇ ಆದ ರೆನಾಲ್ಡ್ಸ್ ಸಂಸ್ಥೆಯವರು, ತುದಿಗಳಲ್ಲಿ ದಪ್ಪವಾಗಿ ನಡುವೆ ತೆಳ್ಳಗಾಗುವ ಕೊಳವೆಗೆ 1897ರಲ್ಲಿಯೇ ಹಕ್ಕುಪತ್ರವನ್ನು ಪಡೆದು, 1935ರಲ್ಲಿ ಮ್ಯಾಂಗನೀಸ್ ಮಾಲಿಬ್ಡಿನಂ ಉಕ್ಕಿನ 531 ಎಂಬ ಕೊಳವೆಯನ್ನು ಹೊರತಂದರು. ಆ ಉಕ್ಕಿನ ಗುರುತೋ, ಒಂದು ಅಂಟುಚೀಟಿ! ಶತಮಾನ ಬಾಳುವ ಲೋಹವನ್ನು ಮಾಡಬಲ್ಲವರು ಹೆಸರನ್ನು ಮಾತ್ರ ಮಳೆಗೆ ಕರಗುವ ಚೀಟಿಯ ಮೇಲೆ ಅಂಟಿಸಿದ್ದೇಕೋ!

ಲಗ್ಗುಗಳು ಫ್ರಾನ್ಸಿನ ನರ್ವೆಕ್ಸ್. ಹಿಂಚಕ್ರ ಕೂರುವ ಕವಲುಗಳು ವಿಚೆಂಜಾದ ಕಾಂಪನ್ಯೋಲೋ. ಇವುಗಳಿಂದ ನಾನು ಬಹಳ ಉಬ್ಬಿದ್ದೆನಾದರೂ, ಎರಡನ್ನೂ ಪೆಟ್ಟಿಗೆಗಟ್ಟಲೆ ಕೊಂಡು ಬಳಸಿದ ಕಮ್ಮಾರರು ಎರಡು ಖಂಡಗಳಲ್ಲಿಯೂ ಇದ್ದರೆಂದು ತಿಳಿದ ಮೇಲೆ ಉಬ್ಬು ಇಳಿಯಿತು. ನಾನು ಸಮಾಲೋಚಿಸಿದ ತಜ್ಞರಲ್ಲಿ ಒಬ್ಬರು ಸೀಟಿನ ಮೂಲೆಯ ಬೆಸುಗೆಯನ್ನು ಸವರಿ ಉತ್ತರ ಲಂಡನ್ನೆಂದರು. ಮತ್ತೊಬ್ಬರು ಅದೇ ಬೆಸುಗೆಯನ್ನು ಸವರಿ, ಉತ್ತರ ಲಂಡನ್ನೆಂದವನ ವಿದ್ಯಾಭ್ಯಾಸದ ವಿಷಯವಾಗಿ ಕನಿಕರ ಸೂಚಿಸಿದರು. ಬಲಗಡೆಯ ಲಗ್ಗಿನ ಅಂಚನ್ನು ಅರವು ಎಷ್ಟು ತಾಳ್ಮೆಯಿಂದ ತೀಡಿದೆಯೋ ಎಡಗಡೆಯದನ್ನು ಅಷ್ಟು ತೀಡಿಲ್ಲ. ಎಡವನ್ನು ಶನಿವಾರ ಮಧ್ಯಾಹ್ನ, ಫುಟ್‌ಬಾಲ್ ಪಂದ್ಯದ ಹೊತ್ತು ಸಮೀಪಿಸುತ್ತಿದ್ದಾಗ ಮುಗಿಸಿರಬೇಕೆಂಬುದು ನನ್ನ ಸಿದ್ಧಾಂತ. ಇದನ್ನು ಈವರೆಗೆ ಯಾರೂ ಖಂಡಿಸಿಲ್ಲ.

ತಳದಲ್ಲಿ ನಾಲ್ಕಂಕಿಯ ಸಂಖ್ಯೆಯೊಂದುಂಟು, ನಿಜ. ಆದರೆ ಯಾರ ಪುಸ್ತಕದ ಸಂಖ್ಯೆಯೆಂದು ತಿಳಿಯದೆ ಅದರಿಂದ ಪ್ರಯೋಜನವಿಲ್ಲ. ಸಣ್ಣ ಅಂಗಡಿಗಳು ಮುಚ್ಚಿದಾಗ ಅವುಗಳ ಪುಸ್ತಕಗಳು ಒಲೆಗೆ ಹೋದುದೇ ಹೆಚ್ಚು. ಅದಕ್ಕಿಂತ ದೊಡ್ಡ ತೊಡಕೆಂದರೆ, ಹಿತ್ತಲಿನ ಕುಲುಮೆಯಲ್ಲಿ ಒಬ್ಬನು ಬೆಸೆದದ್ದನ್ನು ಇನ್ನೊಬ್ಬನು ತನ್ನ ಹೆಸರು ಬರೆದು ಮಾರುವುದು ಆ ವ್ಯಾಪಾರದಲ್ಲಿ ಸಾಮಾನ್ಯವಾಗಿತ್ತು. ಮಿಲಾನಿನ ವಿಗೊರೆಲ್ಲಿ ಓಟದಂಗಳದಡಿಯಲ್ಲಿ ಫಾಲಿಯೆರೊ ಮಾಸಿ ಕಟ್ಟಿದ ಗಾಡಿಗಳೇ ಬೇರೆಯವರ ಬಣ್ಣವನ್ನುಟ್ಟು ಪಂದ್ಯಕ್ಕೆ ಹೋಗಿವೆಯೆಂದ ಮೇಲೆ, ನನ್ನ ಚೌಕಟ್ಟಿನ ಮೇಲೆ ಹೆಸರು ಉಳಿದಿದ್ದರೂ ಅದು ಸತ್ಯವನ್ನೇ ನುಡಿಯುತ್ತಿತ್ತೆಂದು ಪ್ರಮಾಣ ಮಾಡುವವರಾರು? ಪ್ರಸಿದ್ಧರ ಹೆಸರುಗಳ ಹೊಸ ಚೀಟಿಗಳು ಅಗ್ಗವಾಗಿ ಮಾರಾಟಕ್ಕಿರುವುದರಿಂದ, ಬೇಕಾದ ತಂದೆಯನ್ನು ಆರಿಸಿ ಅಂಟಿಸಿಬಿಡೆಂದು ಮಿತ್ರರೊಬ್ಬರು ಸಲಹೆಯಿತ್ತರು. ಹೆಚಿನ್ಸ್ ಎಂಬ ಅಕ್ಷರಗಳು ನನ್ನ ನೆಟ್ಟನೆಯ ಕೊಳವೆಗಳಿಗೆ ಒಪ್ಪುವವೋ ಎಂದು ಒಂದು ಸಂಜೆ ಯೋಚಿಸಿದೆನೆಂಬುದನ್ನು ಮರೆಮಾಚಲಾರೆ.

ಚಕ್ರಗಳನ್ನು ಜೋಡಿಸಿದ ಬಳಿಕ, ಕಳುವಾದರೆ ಪತ್ತೆಯಾಗಲೆಂದು ಗಾಡಿಗಳನ್ನು ದಾಖಲು ಮಾಡುವೆಡೆಗೆ ಒಯ್ದೆನು. ಅಲ್ಲಿನ ತರುಣನು ತಯಾರಕರ ಹೆಸರೇನೆಂದು ಕೇಳಲು, ನಾನು ಗಂಟಲು ಸರಿಪಡಿಸಿಕೊಂಡು ಬಾಟಂ ಬ್ರ್ಯಾಕೆಟ್ಟಿನಿಂದ ಆರಂಭಿಸಿ, ಎಡತಿರುಪಿನ ಇತಿಹಾಸವನ್ನು ಮುಗಿಸಿ, ಅಂಗುಲಕ್ಕೆ 24 ಸುತ್ತಿನ ಮಹತ್ವಕ್ಕೆ ಬರುತ್ತಿದ್ದೆ. ಅಷ್ಟರಲ್ಲಿ ಆತನು ತಲೆಯೆತ್ತದೆಯೇ, "ಹಳೆಯದಲ್ಲವೇ ಸ್ವಾಮಿ, ರ್‍ಯಾಲಿ" ಎಂದು ಬರೆದು ಮುದ್ರೆಯೊತ್ತಿದನು.