ಎರೆಮೀನಿನ ಟಾಕಿಯ ಸ್ಥಾನನಿರ್ಣಯ (ಕುರ್ಲಾ ಪಾಠ)

ಹದಿನೆಂಟು ಅಡಿಯ ಗಾಳದ ಬೋಟಿನಲ್ಲಿ ಜೀವಂತ ಎರೆಮೀನಿನ ಟಾಕಿಯನ್ನು ಎಲ್ಲಿಡಬೇಕು ಎಂಬ ಪ್ರಶ್ನೆಯನ್ನು ಪ್ರಸ್ತುತ ಪ್ರಬಂಧವು ಕುರ್ಲಾ ಪಶ್ಚಿಮದ ಒಂದು ಚಾಳಿನ ಗ್ರೌಂಡ್ ಫ್ಲೋರ್ ರೂಮಿನಲ್ಲಿ ಕೂತು ವಿಚಾರಿಸುತ್ತದೆ. ಇಲ್ಲಿಂದ ಸಮುದ್ರ ಕಾಣುವುದಿಲ್ಲ. ಬೋಟು ಮಲ್ಪೆಯಲ್ಲಿದೆ. ಟಾಕಿ ಮಾತ್ರ ಇಲ್ಲಿದೆ. ಸಮಸ್ಯೆಯ ಬೇರು ಅದೇ.

ಹಳೆಯ ಶಾಸ್ತ್ರಕಾರರು ಗ್ರಂಥದ ಹೊಸ್ತಿಲಲ್ಲೇ ನಾಲ್ಕು ಸಂಗತಿ ಹೇಳಿ ಮುಗಿಸುತ್ತಿದ್ದರು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ, ನೂರು ಲೀಟರಿನ ಒಂದು ನೀಲಿ ಡ್ರಮ್ಮು. ಪ್ರಯೋಜನ, ಸತ್ತ ಬೂತಾಯಿಗಿಂತ ಬಾಲ ಅಲ್ಲಾಡಿಸುವ ಬೂತಾಯಿಯನ್ನು ಅಂಜಲ್ ಮೀನು ಬೇಗ ಕಚ್ಚುತ್ತದೆ ಎಂಬ ನಂಬಿಕೆ. ಸಂಬಂಧ, ಭಾವ. ಅಧಿಕಾರಿ ಯಾರೆಂಬುದು ನನಗೆ ತಡವಾಗಿ ಗೊತ್ತಾದದ್ದರಿಂದ ಓದುಗರಿಗೂ ತಡವಾಗಿಯೇ ತಿಳಿಯಲಿ.

ಪರಿಭಾಷೆಯ ವಿಚಾರದಲ್ಲಿ ಒಂದು ಮಾತು. ಇಲ್ಲಿ ‘ಭಾವ’ ಎಂದಲ್ಲೆಲ್ಲ ಕಾವ್ಯಮೀಮಾಂಸೆಯ ವಿಭಾವ, ಅನುಭಾವಗಳ ಕುಲದ್ದೆಂದು ತಿಳಿಯಬಾರದು. ನನ್ನ ಹೆಂಡತಿಯ ತಮ್ಮ ಎಂದೇ ತಿಳಿಯಬೇಕು. ಅವನೂ ನನ್ನನ್ನು ಭಾವ ಎಂದೇ ಕರೆಯುತ್ತಾನಾದ್ದರಿಂದ ಸಂಭಾಷಣೆಗಳಲ್ಲಿ ಯಾರು ಯಾರೆಂಬುದನ್ನು ಸಂದರ್ಭದಿಂದ ಊಹಿಸಿಕೊಳ್ಳತಕ್ಕದ್ದು. ‘ಟಾಕಿ’ಗೆ ಮೂರು ಪಾಠಾಂತರಗಳಿವೆ: ಊರಲ್ಲಿ ಟಾಂಕಿ, ಇಸ್ಕೂಲಿನಲ್ಲಿ ಟ್ಯಾಂಕ್, ಮರಾಠಿಯ ನೆರೆಯಲ್ಲಿ ಟಾಕಿ. ಇಂಗ್ಲಿಷಿನವರು ಈ ಶಬ್ದವನ್ನು ಗುಜರಾತಿಯಿಂದ ಪಡೆದರೋ ಪೋರ್ಚುಗೀಸರಿಂದಲೋ ಎಂದು ನಿಘಂಟುಕಾರರು ಇನ್ನೂ ಜಗ್ಗಾಡುತ್ತಿದ್ದಾರೆ. ಇನ್ನು ಕುರ್ಲಾ. ಈ ಹೆಸರು ಬಂದದ್ದು ಕುರ್ಲಿಯಿಂದ, ಅಂದರೆ ಏಡಿಯಿಂದ, ಎಂದು ಇಲ್ಲಿಯವರು ಹೇಳುತ್ತಾರೆ. ಹಿಂದೆ ಇಲ್ಲಿಯ ಜೌಗಿನಲ್ಲಿ ಏಡಿ ಯಥೇಚ್ಛವಾಗಿತ್ತಂತೆ. ಕೊಂಕಣಿಯಲ್ಲಿ ಈಗಲೂ ಅದು ಕುರ್ಲಿಯೇ, ತುಳುವಿನಲ್ಲಿ ಡೆಂಜಿ. ಅಂದರೆ ಊರಿಗೆ ಊರೇ ಎರೆಯ ಹೆಸರಿನದು. ಕುರ್ಲಾ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಯಾರೂ ನೇರ ನಡೆಯಲಾರರು, ಅಡ್ಡಡ್ಡವಾಗಿಯೇ ಸರಿಯಬೇಕು. ಈ ವ್ಯುತ್ಪತ್ತಿಗೆ ಅದಕ್ಕಿಂತ ದೊಡ್ಡ ಶಾಸನಾಧಾರ ಬೇಕಿಲ್ಲ.

ಜೀವಂತ ಮೀನಿನ ಟಾಕಿಯ ಆದಿ ವಿದ್ವಾಂಸ ಮನು. ಕೈ ತೊಳೆಯುವ ನೀರಿನಲ್ಲಿ ಸಿಕ್ಕ ಪುಟ್ಟ ಮೀನನ್ನು ಅವನು ಮೊದಲು ಗಡಿಗೆಯಲ್ಲಿಟ್ಟ, ಅದು ಬೆಳೆಯಿತು. ಗುಂಡಿ ತೋಡಿ ಬಿಟ್ಟ, ಅಲ್ಲಿಯೂ ಹಿಡಿಸಲಿಲ್ಲ. ಕೊನೆಗೆ ಸಮುದ್ರಕ್ಕೇ ಬಿಟ್ಟ ಎಂದು ಶತಪಥ ಬ್ರಾಹ್ಮಣ ಹೇಳುತ್ತದೆ. ಮಹಾಭಾರತದ ವನಪರ್ವಕ್ಕೆ ಬರುವಾಗ ನಡುವೆ ಬಾವಿ, ಗಂಗೆ ಎಲ್ಲ ಸೇರಿ ಟಾಕಿಗಳ ಸಂಖ್ಯೆ ಹೆಚ್ಚಿದೆ. ಪ್ರಳಯದಲ್ಲಿ ಆ ಮೀನಿನ ಕೊಂಬಿಗೇ ದೋಣಿ ಕಟ್ಟಿ ಮನು ಬದುಕಿದ. ಟಾಕಿಯನ್ನು ದೋಣಿಯ ಒಳಗಿಡಬೇಕೆಂಬ ನಮ್ಮ ಕಾಲದ ಹಟಕ್ಕೆ ಇಲ್ಲಿ ಯಾವ ಆಧಾರವೂ ಸಿಗುವುದಿಲ್ಲ. ಮನು ಮೀನನ್ನು ಹೊರಗೇ ಇಟ್ಟ. ಈ ಪ್ರಮಾಣವನ್ನು ಭಾವನ ಮುಂದಿಟ್ಟಾಗ ಅವನು, “ಮನುವಿನ ಹತ್ರ ಔಟ್‌ಬೋರ್ಡ್ ಎಂಜಿನ್ ಇತ್ತಾ ಭಾವ?” ಎಂದು ಕೇಳಿದ. ಪ್ರಶ್ನೆ ತೂಕದ್ದು.

ತೂಕದ ಮಾತು ಬಂದದ್ದರಿಂದ ಅದನ್ನೇ ಮುಗಿಸೋಣ. ಸಮುದ್ರದ ನೀರು ಲೀಟರಿಗೆ ಸುಮಾರು 1.025 ಕಿಲೋ ತೂಗುತ್ತದೆ. ನೂರು ಲೀಟರಿಗೆ 102.5 ಕಿಲೋ ಆಯಿತು. ಭಾವನ ತೂಕ 82. ಆದ್ದರಿಂದ ತುಂಬಿದ ಟಾಕಿ ಎಂದರೆ ಸರಿಯಾಗಿ 1.25 ಭಾವ. ಸಣ್ಣ ಬೋಟಿಗೆ ಟಾಕಿ ಹಾಕುವವರು ನೀರು ಹಗುರವೆಂದು ಮೋಸಹೋಗುವುದೇ ಹೆಚ್ಚು. ಮೂವರು ಹತ್ತುವ ಬೋಟಿಗೆ ಇಳಿಯಲೊಲ್ಲದ, ಊಟ ಕೇಳದ, ಎದ್ದು ಆಚೆ ಕೂರು ಎಂದರೆ ಕೂರದ ಒಂದೂಕಾಲು ಭಾವ ಹೆಚ್ಚಿಗೆ ಬಂದು ಕೂತ ಎಂದು ಭಾವಿಸಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಈಗ ವೃತ್ತಾಂತ. ಮೇ ತಿಂಗಳಲ್ಲಿ ಭಾವ ಕುರ್ಲಾ ಪೂರ್ವದ ಬಂಟರ ಭವನಕ್ಕೆ ಒಂದು ಮದುವೆಗೆಂದು ಬಂದ. ಮರುದಿನ ಸಿ.ಎಸ್.ಟಿ. ರಸ್ತೆಯ ಗುಜರಿ ಸಾಲಿನಲ್ಲಿ ಸುತ್ತಿ, ಉರುಟಾದ ಒಂದು ನೀಲಿ ಡ್ರಮ್ಮನ್ನು ಉರುಳಿಸಿಕೊಂಡೇ ಮನೆಗೆ ತಂದ. “ಮಲ್ಪೆಯಲ್ಲಿ ಸಿಗುವುದಿಲ್ಲವಾ ಮಾರಾಯ?” ಎಂದೆ. “ಸಿಗ್ತದೆ. ಇದು ಬೊಂಬಾಯಿದು” ಎಂದ. ಮೂರು ದಿನ ಹುಣಸೆಹುಳಿ ಹಾಕಿ ತಿಕ್ಕಿದ ಮೇಲೆ ಅದರ ಹಳೆಯ ವಾಸನೆ ಹೋಯಿತು. ತಿಕ್ಕಿದವಳು ನನ್ನ ಹೆಂಡತಿ ಎಂಬುದನ್ನು ಗಮನದಲ್ಲಿಡಬೇಕು. ಮುಂದೆ ಸ್ವಾಮ್ಯದ ಚರ್ಚೆಯಲ್ಲಿ ಇದು ಬರುತ್ತದೆ. ಡ್ರಮ್ಮು ಊರಿಗೆ ಹೋಗಬೇಕಾದದ್ದು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ. ಕುರ್ಲಾ ಟರ್ಮಿನಸ್ಸಿನಿಂದ (ಬೋರ್ಡಿನ ಮೇಲೆ ಲೋಕಮಾನ್ಯ ತಿಲಕ್, ನಮ್ಮ ಬಾಯಲ್ಲಿ ಕುರ್ಲಾವೇ) ಮಂಗಳೂರಿಗೆ ಹೊರಡುವ ರೈಲಿಗೆ ಈ ಹೆಸರಿಟ್ಟವರಿಗೆ ನಮಸ್ಕಾರ. ಮೀನಿನ ವಾಸನೆಯ ಆ ಹುಡುಗಿ ಯಮುನೆಯಲ್ಲಿ ದೋಣಿ ನಡೆಸುತ್ತಿದ್ದಳು. ಪರಾಶರ ಅವಳ ವಾಸನೆಯನ್ನು ಯೋಜನ ದೂರ ಹಬ್ಬುವ ಪರಿಮಳ ಮಾಡಿದ. ರೈಲಿಗೆ ಆ ವರ ಇನ್ನೂ ಸಿಕ್ಕಿಲ್ಲ. ಆದರೆ ಜೂನ್ ಬಂತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ; ಭಾವನ ಬೋಟನ್ನೂ ದಡಕ್ಕೆಳೆದು ತೆಂಗಿನ ಗರಿ ಮುಚ್ಚಿದ್ದರು. “ಅಷ್ಟರವರೆಗೆ ಇಲ್ಲೇ ಇರಲಿ. ಜಾಗ ಎಲ್ಲಿ ಅಂತ ನೀವೂ ಸ್ವಲ್ಪ ಯೋಚನೆ ಮಾಡಿ ಭಾವ, ಓದಿದವರು” ಎಂದು ಹೇಳಿ ಅವನು ಹೋದ.

ಯೋಚನೆ ಮಾಡಿದೆ. ನಮ್ಮ ರೂಮು ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಬೋಟಿನ ಉದ್ದವೂ ಹದಿನೆಂಟೇ. ಇದು ಆಕಸ್ಮಿಕವಲ್ಲವೆಂದು ನನಗೆ ಹೊಳೆದದ್ದು ರಾತ್ರಿ ಎರಡಕ್ಕೆ. ರಂಗೋಲಿ ಹಿಟ್ಟು ತಂದು ನೆಲದ ಮೇಲೆ ಬೋಟಿನ ಆಕಾರ ಬರೆದೆ. ಓಣಿಯ ಕಡೆಯ ಬಾಗಿಲು ಬೋಟಿನ ಮೂತಿ. ನಲ್ಲಿ ಇರುವ ಮೋರಿ ಹಿಂಬದಿ. ಎಡಕ್ಕೆ ಗೋದ್ರೆಜ್ ಕಪಾಟು, ಬಲಕ್ಕೆ ಖಾಟು. ಈ ನಕ್ಷೆಯನ್ನು ಪರಂಪರೆಯಲ್ಲಿ ಮೊದಲ ಬಾರಿಗೆ ನೋಡಿದ ಪಂಡಿತೆ, “ಎಂಥದ್ದಿದು, ಮಾಟವಾ?” ಎಂದಳು.

ಪೂರ್ವಪಕ್ಷ ಒಂದು: ಮೂತಿಯಲ್ಲಿಡಬೇಕು. ಖಾಲಿ ಜಾಗ ಅಲ್ಲೇ ಇರುವುದು. ಖಂಡನೆ: ಅಲೆಗೆ ಬೋಟು ಎತ್ತಿ ಕುಕ್ಕುವುದು ಮೂತಿಯಲ್ಲೇ ಹೆಚ್ಚು. ಅಲ್ಲಿ ಒಂದೂಕಾಲು ಭಾವ ಕೂತರೆ ಮೂತಿ ಅಲೆಯ ಮೇಲೇರದೆ ಅಲೆಯೊಳಗೆ ನುಗ್ಗುತ್ತದೆ. ಮೀನಿನ ಗತಿ ಒಗೆಯುವ ಮಷಿನ್ನಿಗೆ ಬಿದ್ದ ಕರ್ಚೀಫಿನಂತೆ. ರೂಮಿನಲ್ಲಿ ಪ್ರಯೋಗ ಮಾಡಿ ನೋಡಿದಾಗ ಹಾಲಿನವನು ಒಳಬರಲಾಗದೆ ಹಾಲು ಪಕ್ಕದ ಮನೆಗೆ ಹೋಯಿತು.

ಪೂರ್ವಪಕ್ಷ ಎರಡು: ಬದಿಯಲ್ಲಿಡಬೇಕು. ಖಂಡನೆ: ಬೋಟು ಆ ಬದಿಗೆ ವಾಲುತ್ತದೆ. ದೊಡ್ಡ ಮೀನು ಕಚ್ಚಿದಾಗ ಎಲ್ಲರೂ ಒಂದೇ ಬದಿಗೆ ಧಾವಿಸುವುದು ಮನುಷ್ಯಸ್ವಭಾವ. ಧಾವಿಸುವ ಬದಿಯಲ್ಲೇ ಟಾಕಿ ಇದ್ದರೆ ಮುಂದಿನದನ್ನು ಹೇಳಬೇಕಿಲ್ಲ. ರೂಮಿನಲ್ಲಿ ಬಲಬದಿ ಖಾಟಿನದು, ಅದರ ಮೇಲೆ ಅತ್ತೆಯವರು ಇದ್ದಾರೆ. ಚರ್ಚೆಗೆ ಅವಕಾಶವಿಲ್ಲ.

ಪೂರ್ವಪಕ್ಷ ಮೂರು: ಹಿಂಬದಿ. ಇದಕ್ಕೆ ಬೋಟು ಕಟ್ಟುವವರಲ್ಲೇ ಬಹುಮತ. ಬೋಟು ಓಡುವಾಗ ನೀರು ಒಳಗೆಳೆಯುವ ಕೊಳವೆ ಅಲ್ಲೇ, ಗಾಳ ಹಾಕುವವನ ಕೈಗೆ ಎರೆ ಸಿಗುವುದೂ ಅಲ್ಲೇ. ಆದರೆ ಹಿಂಬದಿಯಲ್ಲಿ ಆಗಲೇ ಎಂಜಿನ್ ತೂಗಾಡುತ್ತಿದೆ, ಪೆಟ್ರೋಲ್ ಕ್ಯಾನುಗಳಿವೆ, ಮೀನು ಹಿಡಿಯುವವರೂ ಅಲ್ಲೇ ಗುಂಪುಗೂಡುತ್ತಾರೆ. ಬೋಟು ಕುಂಡೆ ಊರಿ ಕೂತು ಹಿಂದಿನಿಂದ ನೀರು ಒಳಗೆ ಬರುತ್ತದೆ. ನಮ್ಮ ಮೋರಿಯಲ್ಲೂ ನಲ್ಲಿ ಇದೆ, ನಲ್ಲಿಯ ಪಕ್ಕ ಡ್ರಮ್ಮಿಡುವುದೇ ನ್ಯಾಯ. ಆದರೆ ಅಲ್ಲಿ ವಾಷಿಂಗ್ ಮಷಿನ್, ಎರಡು ಬಕೆಟ್, ತಾಮ್ರದ ಹಂಡೆ, ಸ್ನಾನಕ್ಕೆ ಕೂತ ಮನುಷ್ಯ.

ಟಾಕಿಯನ್ನು ಹಿಂದಿಟ್ಟವರ ಕಥೆಗೆ ಕುರ್ಲಾದ್ದೇ ಒಂದು ದೃಷ್ಟಾಂತವಿದೆ. ಇಲ್ಲಿಯ ಕಾರ್ಖಾನೆಯಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿ ಬೊಂಬಾಯಿಯ ಕಾಲೀ-ಪೀಲಿ ಟ್ಯಾಕ್ಸಿಯಾಗಿ ಬಾಳಿತು. ಸಿ.ಎನ್.ಜಿ. ಬಂದಾಗ ಗ್ಯಾಸಿನ ಸಿಲಿಂಡರ್ ಎಲ್ಲಿಡುವುದೆಂಬ ಇದೇ ಪ್ರಶ್ನೆ ಎದ್ದಿತು. ಡಿಕ್ಕಿಯಲ್ಲಿಟ್ಟರು. ಡಿಕ್ಕಿಯಲ್ಲಿದ್ದ ಪೆಟ್ಟಿಗೆ ಮಾಡಿನ ಮೇಲೆ ಹೋಯಿತು. 2023ರ ಅಕ್ಟೋಬರದಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯುವವರೆಗೂ ನಮ್ಮ ಊರಿನ ಹಲಸಿನಹಣ್ಣು, ತೆಂಗಿನಕಾಯಿ ಮೂಟೆ ಎಲ್ಲ ತಲೆಯ ಮೇಲೆಯೇ ಪ್ರಯಾಣ ಮಾಡಿದವು.

ಉಳಿದದ್ದು ನಡುಭಾಗ. ಶಾಸ್ತ್ರ ಒಪ್ಪುವುದು ಇದನ್ನೇ: ನಡುವಿನಿಂದ ತುಸು ಹಿಂದಕ್ಕೆ, ಆದಷ್ಟು ತಗ್ಗಿನಲ್ಲಿ. ಬೋಟು ಅಲ್ಲಾಡುವುದು ಅಲ್ಲಿ ಕಡಿಮೆ. ಟಾಕಿ ತುಂಬಿದರೂ ಬರಿದಾದರೂ ಬೋಟಿನ ಕೂರುವಿಕೆ ಕೆಡುವುದಿಲ್ಲ. ಜೊತೆಗೆ ಎರಡು ಉಪನಿಯಮಗಳು. ಟಾಕಿಗೆ ಮೂಲೆ ಇರಬಾರದು. ಬಂಗುಡೆಯಂಥ ಮೀನಿಗೆ ಕಿವಿರಿಗೆ ನೀರು ಹಾಯಬೇಕಾದರೆ ಬಾಯಿ ತೆರೆದುಕೊಂಡು ಮುಂದೆ ಈಜುತ್ತಲೇ ಇರಬೇಕು. ಮೂಲೆ ಸಿಕ್ಕರೆ ಅಲ್ಲಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಬ್ರಿಜ್ಜಿನ ತಿರುವಿನಲ್ಲಿ ಒಬ್ಬ ನಿಂತು ಫೋನ್ ನೋಡಿದರೆ ಏನಾಗುತ್ತದೆಂದು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದು, ಟಾಕಿ ಕಂಠದವರೆಗೂ ತುಂಬಿರಬೇಕು. ಅರ್ಧ ಟಾಕಿಯ ನೀರು ಬೋಟು ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಹಡಗುಗಳ ಹೊರಳಾಟದ ಮೇಲೆ ವಿಲಿಯಂ ಫ್ರೂಡ್ ಎಂಬ ಇಂಗ್ಲೆಂಡಿನ ಎಂಜಿನಿಯರು 1861ರಲ್ಲಿ ಪ್ರಬಂಧ ಓದಿ ದೊಡ್ಡ ಹೆಸರು ಮಾಡಿದ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ನೌಕಾಶಾಸ್ತ್ರದ ಸೂತ್ರವನ್ನು ನಾವು ಅಷ್ಟು ದಿನ ವಿನಯವಂತರನ್ನು ಹೊಗಳಲು ಬಳಸಿ ಹಾಳುಮಾಡಿಕೊಂಡೆವು.

ಒಂದು ಆಕ್ಷೇಪ ಉಳಿದಿದೆ: ಎರೆ ಜೀವಂತವೇ ಯಾಕಿರಬೇಕು? ಕಾವೇರಿಯಲ್ಲಿ, ಭೀಮೇಶ್ವರಿಯ ಕಡೆ, ಮಹಶೀರ್ ಮೀನಿಗೆ ರಾಗಿ ಮುದ್ದೆಯನ್ನೇ ಗಾಳಕ್ಕೆ ಕಟ್ಟುತ್ತಿದ್ದರು, ದೇಶಾಂತರದ ಸಾಹೇಬರೂ ಹರಿಗೋಲಿನಲ್ಲಿ ಕೂತು ಅದನ್ನೇ ಉಂಡೆ ಮಾಡುತ್ತಿದ್ದರು. ಮುದ್ದೆಗೆ ಟಾಕಿ ಬೇಡ, ಒಂದು ಎಲೆ ಸಾಕು. ಭಾವನ ಸಮಾಧಾನ ಫೋನಿನಲ್ಲಿ ಬಂತು: “ಅದೆಲ್ಲ ಘಟ್ಟದ ಮೇಲಿನ ಮೀನು ಭಾವ. ನಮ್ಮದಕ್ಕೆ ಮುದ್ದೆ ನುಂಗಿ ಅಭ್ಯಾಸ ಇಲ್ಲ.”

ನಡುವೆ ಇಡಬೇಕೆಂಬ ಸಿದ್ಧಾಂತದ ಪ್ರಕಾರ ಡ್ರಮ್ಮನ್ನು ರೂಮಿನ ನಡುವೆ, ಫ್ಯಾನಿನ ಕೆಳಗೆ ನಿಲ್ಲಿಸಿದೆ. ಹಗಲು ಅದು ತರಕಾರಿ ಹೆಚ್ಚುವ ಜಾಗ, ರಾತ್ರಿ ನಾಲ್ವರು ಮಲಗುವ ಜಾಗ. ಬೋಟು ಕಟ್ಟುವವರಿಗೂ ಇದೇ ತೊಂದರೆ: ನಡುವೆ ಟಾಕಿ ಇಟ್ಟರೆ ಗಾಳ ಹಿಡಿದವನು ಅದನ್ನು ಸುತ್ತಿ ಓಡಾಡಬೇಕು. ಅವರು ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮೆತ್ತೆ ಹಾಕಿ ಕೂರುವ ಸೀಟು ಮಾಡಿಬಿಟ್ಟರು. ನಮ್ಮಲ್ಲಿ ಅದೇ ಆವಿಷ್ಕಾರ ಜೂನಿನ ಎರಡನೇ ವಾರ ತಾನಾಗಿಯೇ ಆಯಿತು. ಕೆರೆಗಳು ತಳ ಕಾಣುವ ಹೊತ್ತು, ನೀರು ಕಡಿತ. ಬೆಳಿಗ್ಗೆ ಐದೂವರೆಗೆ ನಲ್ಲಿಯಲ್ಲಿ ಬಂದಷ್ಟನ್ನೂ ನನ್ನ ಹೆಂಡತಿ ಡ್ರಮ್ಮಿಗೆ ಕಂಠಮಟ್ಟ ತುಂಬಿದಳು, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಹಳೆಯ ಮಣೆ, ಮಣೆಯ ಮೇಲೆ ಮಡಚಿದ ಕಂಬಳಿ. ಅತ್ತೆಯವರ ಸೀರಿಯಲ್ಲಿಗೆ ಅದು ಮೊದಲ ಸಾಲಿನ ಆಸನ.

ಆಗಸ್ಟಿನಲ್ಲಿ ಭಾವ ಬಂದ, ಕೈಯಲ್ಲಿ ಡ್ರಿಲ್ ಮಷಿನ್. ಕೆಳಗೆ ನೀರು ಬರಲು ಒಂದು ತೂತು, ಮೇಲೆ ಹೆಚ್ಚಾದದ್ದು ಹೋಗಲು ಒಂದು. ಹೊಸ ನೀರು ಹರಿಯದಿದ್ದರೆ ಸೆಕೆಯಲ್ಲಿ ಪ್ರಾಣವಾಯು ಮುಗಿದು ಮೀನು ಮೇಲೆ ತೇಲುತ್ತದೆ. ಅವನ ಮಾತು ಸರಿಯೇ. ಲಕ್ಷದ್ವೀಪದ ಮಿನಿಕಾಯ್‌ನವರು ಇನ್ನೂ ಧೈರ್ಯವಂತರು. ಸೂರೆಮೀನಿನ ಬೇಟೆಗೆ ಲಗೂನಿನಲ್ಲಿ ಹಿಡಿದ ಪುಟ್ಟ ಮೀನುಗಳನ್ನು ಜೀವಂತ ಒಯ್ಯಲು ಅವರ ಸಾಂಪ್ರದಾಯಿಕ ದೋಣಿಯ ತಳಕ್ಕೇ ತೂತು ಕೊರೆದಿರುತ್ತಾರೆ; ಕಡಲೇ ಒಳಗೆ ಬಂದು ಹೋಗುತ್ತಿರುತ್ತದೆ, ಬೇಡವಾದಾಗ ಬಿರಡೆ ಹಾಕುತ್ತಾರೆ. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿದ್ದಾಗ ನನ್ನ ಹೆಂಡತಿ ಅಡಿಗೆ ಬಿಟ್ಟು ಬಂದು ಡ್ರಮ್ಮಿನ ಮೇಲೆ ಕೂತಳು.

“ಏಳು ಅಕ್ಕ, ಎರಡೇ ತೂತು.”

“ಇಪ್ಪತ್ತಾರು ಜುಲೈ ನೀನು ಇಲ್ಲಿದ್ದೆಯಾ?”

ಇರಲಿಲ್ಲ. ನಾವಿದ್ದೆವು. 2005ರ ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಮಿಠಿ ನದಿ ಓಣಿಗೆ ಬಂತು, ಓಣಿ ರೂಮಿಗೆ ಬಂತು. ಸ್ವಿಚ್ ಬೋರ್ಡಿನವರೆಗೆ ನೀರು. ಮಕ್ಕಳನ್ನು ಮೇಲಿನ ಮಾಳಿಗೆಯವರ ಹತ್ತಿರ ಕೊಟ್ಟು ರಾತ್ರಿಯಿಡೀ ಮೆಟ್ಟಿಲ ಮೇಲೆ ನಿಂತಿದ್ದೆವು. ಆ ರಾತ್ರಿಯನ್ನು ಅಣಕು ಮಾಡುವಷ್ಟು ಪಾಂಡಿತ್ಯ ನನಗಿಲ್ಲ. ಖಾಲಿ ಬಕೆಟುಗಳು, ಖಾಲಿ ಡಬ್ಬಗಳು, ಅರ್ಧ ತುಂಬಿದ ಹಂಡೆ, ಎಲ್ಲ ತೇಲಿ ಬಡಿದಾಡಿ ಬಾಗಿಲ ಕಡೆ ಹೋಗಿದ್ದವು. ನೀರು ಇಳಿದಾಗ ಇಟ್ಟಲ್ಲೇ ನಿಂತದ್ದು ಒಂದೇ, ಮುಚ್ಚಳ ಬಿಗಿದ ಹಳೆಯ ಡ್ರಮ್ಮು. ಎರಡು ದಿನ ನಮ್ಮ ಸಾಲಿನ ಆರು ಮನೆಗೆ ಕುಡಿಯಲು ಇದ್ದದ್ದು ಅದರೊಳಗಿನ ನೀರು. ಲೋಟದಲ್ಲಿ ಅಳೆದು ಕೊಟ್ಟವಳು ಇವಳೇ.

ಅಧಿಕಾರಿ ಯಾರೆಂದು ಗೊತ್ತಾದದ್ದು ನನಗೆ ಆಗ. ಭಾವನಿಗೂ ಗೊತ್ತಾಗಿರಬೇಕು, ಡ್ರಿಲ್ಲಿನ ವಯರನ್ನು ಸುತ್ತಿಟ್ಟ. ಊಟ ಮಾಡಿ, ಮರುದಿನ ಮಧ್ಯಾಹ್ನದ ಮತ್ಸ್ಯಗಂಧಕ್ಕೆ ಬರಿಗೈಯಲ್ಲಿ ಹೋದ. ಅಕ್ಟೋಬರದಲ್ಲಿ ಮಲ್ಪೆಯಿಂದ ಫೋನ್ ಬಂತು: ಒಂದು ಬಕೆಟಿನಲ್ಲಿ ಹತ್ತು ಬೂತಾಯಿ ಹಾಕಿಕೊಂಡು ಹೋಗಿದ್ದರಂತೆ, ಗಂಟೆಗೊಮ್ಮೆ ನೀರು ಬದಲಿಸಿದರಂತೆ, ಒಂದು ಸಣ್ಣ ಅಂಜಲ್ ಸಿಕ್ಕಿತಂತೆ. ಬಕೆಟನ್ನು ಎಲ್ಲಿಟ್ಟಿದ್ದಿರಿ ಎಂದು ಸಂಶೋಧಕನ ಕುತೂಹಲದಿಂದ ಕೇಳಿದೆ.

“ನನ್ನ ಎರಡು ಕಾಲಿನ ನಡುವೆ” ಎಂದ ಭಾವ. “ಅಕ್ಕನಿಗೆ ಕೊಡಿ ಫೋನು. ಹೊಸ ಡ್ರಮ್ಮು ಇಲ್ಲೇ ತೆಗೊಳ್ತೇನೆ, ಆ ಮುಚ್ಚಳವಾದರೂ ಕೊಡ್ತಾಳಾ ಕೇಳಿ. ಅಂಥ ಬಿಗಿ ಮುಚ್ಚಳ ಇಲ್ಲಿ ಸಿಗುವುದಿಲ್ಲ.”

ಅವಳು ಡ್ರಮ್ಮಿನ ಮೇಲೆಯೇ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದಳು. ಫೋನ್ ತೆಗೆದುಕೊಳ್ಳಲಿಲ್ಲ.