ಚೀಟಿ ಮರೆತವನ ಪೇಟೆ ಸುತ್ತಾಟ

ಕೊಳ್ಳೇಗಾಲದ ಮಾರ್ಕೆಟ್ಟಿಗೆ ಹೋದವನು ಚೀಟಿಯನ್ನು ಮನೆಯಲ್ಲೇ ಮರೆತೆ. ಮರೆಯಬಾರದೆಂದೇ ಬರೆದ ಚೀಟಿ! ಸೊಪ್ಪಿನಜ್ಜಿ ನಕ್ಕಳು: "ದಂಟು ತಾನೇ ಕಣಪ್ಪ? ಹೋದ್ವಾರದ ಹತ್ತು ರೂಪಾಯಿ ಬಾಕಿ." ಅವಳಿಗೆ ಅಕ್ಷರವೂ ಇಲ್ಲ, ಆ್ಯಪೂ ಇಲ್ಲ.

ನೆನಪಿನ ಮಾತು ಬಂದರೆ ಹನೂರು ಕಡೆಯ ಕಂಸಾಳೆಯವರನ್ನೇ ನೋಡಿ. ರಾತ್ರಿಯಿಡೀ ಮಾದಪ್ಪನ ಕಥೆ ಹಾಡುತ್ತಾರೆ. ಪುಸ್ತಕವಿಲ್ಲ, ಹಿಡಿಯಲು ಕೈಗೆ ಬಿಡುವೂ ಇಲ್ಲ. ಹಾಡು, ತಾಳ, ಕುಣಿತ, ಸೊಲ್ಲಿಗೆ ಸೊಲ್ಲು ಸೇರಿಸುವ ಜೊತೆಗಾರರು. ನೆನಪು ಚುರುಕಾಗಿರಲು ಡಾಕ್ಟರು ಹೇಳುವ ವ್ಯಾಯಾಮ, ಕಲಿಕೆ, ನಾಲ್ಕು ಜನರ ಒಡನಾಟ ಎಲ್ಲ ಅದರಲ್ಲೇ ಬಂತು.

ಮರೆವಿನ ಕಾಯಿಲೆಯ (ಡಿಮೆನ್ಷಿಯಾ) ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗದ ವರದಿ ಲೆಕ್ಕ ಹಾಕಿದೆ. ಅದು ಹೇಳಿದ, ಅಪಾಯ ಹೆಚ್ಚಿಸುವ 14 ಅಂಶಗಳಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಗೊತ್ತಿದ್ದದ್ದೇ. ಕಿವಿ ಮಂದವಾಗುವುದೂ ಇದೆ. ಹೆಂಡತಿ ಕರೆದಾಗ ಮಾತ್ರ ಕೇಳಿಸದ ಕಿವಿ ಯಾವ ಲೆಕ್ಕಕ್ಕೋ!

ಯಳಂದೂರಿನ ನಮ್ಮ ಭಾವ ಮಿದುಳಿಗೆ ಒಳ್ಳೆಯದೆಂದು ಬಿಳಿಗಿರಿರಂಗನ ಬೆಟ್ಟದಲ್ಲಿ ದೇವಸ್ಥಾನದ ಮೆಟ್ಟಿಲು ಹತ್ತಿದರು. ಸ್ಕೂಟರ್ ಕೀ ಮೇಲೇ ಬಿಟ್ಟು ಬಂದು ಇನ್ನೊಮ್ಮೆ ಹತ್ತಿದರು. ವ್ಯಾಯಾಮ ಇಮ್ಮಡಿ.

ಅಂದಹಾಗೆ, ಅಜ್ಜಿಯ ಹತ್ತು ರೂಪಾಯಿ ಇನ್ನೂ ಕೊಟ್ಟಿಲ್ಲ.