ತಟ್ಟೆ ತೊಳೆಯುವ ರಾಯರು

ಮಂಗಳೂರಿನ ಉರ್ವ ಮಾರ್ಕೆಟಿನ ಹತ್ತಿರ ರಿಕ್ಷಾ ಹತ್ತಿ "ತಟ್ಟೆ ತೊಳೆಯುವ ರಾಯರ ಮನೆ" ಎಂದರೆ ಸಾಕು, ಚಾಲಕ ದಾರಿ ಕೇಳುವುದಿಲ್ಲ. ಹೋಟೆಲಿನವರೆಂದು ತಿಳಿಯಬೇಡಿ. ಇವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ತೊಳೆಯುವುದು ಗ್ರಾಮಫೋನ್ ತಟ್ಟೆ. ಊಟದ ತಟ್ಟೆ ತೊಳೆದದ್ದನ್ನು ಮಾಮಿ ಮದುವೆಯಾದಂದಿನಿಂದ ಕಂಡವರಲ್ಲ.

ರಾಯರು ಒಬ್ಬರೇ ಅಲ್ಲ, ಅದೊಂದು ಕುಲ. ಚಿಲಿಂಬಿಯಲ್ಲೂ ಸಿಗುತ್ತಾರೆ, ಅಶೋಕನಗರದಲ್ಲೂ ಸಿಗುತ್ತಾರೆ, ನಿಮ್ಮ ಓಣಿಯಲ್ಲೂ ಒಬ್ಬರಿದ್ದಾರು. ಗುರುತು ಹಿಡಿಯುವುದು ಸುಲಭ. ಮನೆಯಲ್ಲಿ ಕಾರಿಲ್ಲ, ಆದರೂ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರಿನ ಕ್ಯಾನು ಹೊತ್ತು ಬರುತ್ತಾರೆ. ಚಪ್ಪಲಿ ಅಂಗಡಿಗೆ ಹೋಗಿ ಬೂಟಿನ ಡಬ್ಬದೊಳಗಿನ ಸಿಲಿಕಾ ಜೆಲ್ ಪೊಟ್ಟಣ ಕೇಳಿ ತರುತ್ತಾರೆ, ಬೂಟು ಕೊಳ್ಳುವುದಿಲ್ಲ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಯೇ ಇಡುವವರು, ಆದ್ದರಿಂದ ಅಡ್ಡ ಪೇರಿಸಿಟ್ಟ ಯಾವುದನ್ನೂ ಅವರಿಂದ ನೋಡಲಾಗದು. ಉರ್ವಸ್ಟೋರಿನ ತುಳು ಭವನದಲ್ಲಿ ಪುಸ್ತಕ ಬಿಡುಗಡೆಗೆಂದು ಹೋದ ರಾಯರು ಭಾಷಣ ನಡೆಯುವಷ್ಟು ಹೊತ್ತೂ ಮಾರಾಟದ ಮೇಜಿನ ಮೇಲೆ ರಾಶಿ ಹಾಕಿದ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ನೆಟ್ಟಗೆ ನಿಲ್ಲಿಸುತ್ತಿದ್ದರು. ಲೇಖಕರಿಗೆ ಸಂತೋಷವಾಯಿತು. ರಾಯರು ಪುಸ್ತಕ ಕೊಳ್ಳಲಿಲ್ಲ.

ದುಡಿದ ಬ್ಯಾಂಕಿನ ಹೆಸರು ಈಗ ಯಾವ ಬೋರ್ಡಿನಲ್ಲೂ ಇಲ್ಲ. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ದೊಡ್ಡ ಬ್ಯಾಂಕುಗಳೊಳಗೆ ಸೇರಿಹೋದ ಮೇಲೆ ನಮ್ಮೂರಿನ ನಿವೃತ್ತರಿಗೆ ಯಾವುದರ ಮೇಲೂ ಭರವಸೆ ಉಳಿದಿಲ್ಲ. ಆ ಸಿಟ್ಟನ್ನೆಲ್ಲ ರಾಯರು ತಟ್ಟೆಗಳ ಮೇಲೆ ಅಕ್ಕರೆಯಾಗಿ ಸುರಿಯುತ್ತಾರೆ. ಪ್ರತಿ ತಟ್ಟೆಗೂ ಲೆಡ್ಜರಿನಲ್ಲಿ ಒಂದು ಪುಟ ಉಂಟು: ಎಲ್ಲಿಂದ ಬಂತು, ಕವರಿನ ಸ್ಥಿತಿ ಏನು, ಯಾವ ಬದಿಯಲ್ಲಿ ಎಷ್ಟು ಗೀರು, ಯಾವಾಗ ತೊಳೆದದ್ದು. ಕೊನೆಗೆ 'ಹಾಕಿದ್ದು' ಎಂದೊಂದು ಕಾಲಮ್ಮು. ಅದು ಹೆಚ್ಚಿನ ಪುಟಗಳಲ್ಲಿ ಖಾಲಿ.

ತಟ್ಟೆಗಳು ಬರುವುದು ಕೆಡವುವ ಮನೆಗಳಿಂದ. ಉರ್ವದಲ್ಲಿ ಹಂಚಿನ ಮನೆ ಇಳಿಸಿ ಅಪಾರ್ಟ್‌ಮೆಂಟು ಏರಿಸುವ ಕೆಲಸ ನಿಂತದ್ದೇ ಇಲ್ಲ. ಮಕ್ಕಳು ದುಬೈಯಲ್ಲೋ ಕೆನಡಾದಲ್ಲೋ ಇರುತ್ತಾರೆ, ಹಳೆಯ ಕಪಾಟು ಅಂಗಳಕ್ಕೆ ಬರುತ್ತದೆ. ಗುಜರಿಯವನಿಗಿಂತ ಮೊದಲು ರಾಯರು ಅಲ್ಲಿರುತ್ತಾರೆ. ಪೊಂಪೈ ಇಗರ್ಜಿಯ ಆಚೀಚಿನ ಮನೆಯಾದರೆ ಜಿಮ್ ರೀವ್ಸ್ ಗ್ಯಾರಂಟಿ. ಆತ 1964ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅದರ ಹಿಂದಿನ ವರ್ಷ ಬಂದ ಅವನ ಕ್ರಿಸ್ಮಸ್ ಹಾಡುಗಳು ಮಾತ್ರ ಇಲ್ಲಿ ಪ್ರತಿ ಡಿಸೆಂಬರಿಗೂ ಎದ್ದು ಬರುತ್ತವೆ. ತುಳಸಿಕಟ್ಟೆ ಇರುವ ಮನೆಯಾದರೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ, ಅದೂ 1963ರದ್ದೇ. ಎರಡೂ ಕಡೆ ಸಾಮಾನ್ಯವಾಗಿ ಸಿಗುವುದು ಶೋಲೆ ಚಿತ್ರದ ಡೈಲಾಗ್ ಎಲ್ಪಿ. ಹಾಡು ಬಿಟ್ಟು ಮಾತನ್ನೇ ತಟ್ಟೆ ಮಾಡಿ ಮಾರಿ ಗೆದ್ದ ಕಾಲ ಅದು.

"ಬಾಯಮ್ಮ, ಇದೆಲ್ಲ ಹಾಳಾಗಿದೆ. ಆದ್ರೂ ಪರವಾಗಿಲ್ಲ, ನಾನು ನೋಡಿಕೊಳ್ತೇನೆ" ಎನ್ನುತ್ತಾರೆ ರಾಯರು, ಸಾಲದ ಅರ್ಜಿ ನೋಡುತ್ತಿದ್ದಾಗಿನ ಮುಖ ಮಾಡಿಕೊಂಡು. ಹಿಂದೆ ಬಾಯಮ್ಮಂದಿರು ಸುಮ್ಮನೆ ಕೊಡುತ್ತಿದ್ದರು. ಈಗ ಗುಜರಿಯವನೂ ಮೊಬೈಲ್ ತೆಗೆದು ತೋರಿಸುತ್ತಾನೆ: "ಆಂಟಿಕ್ ಸಾರ್ ಇದು, ಆನ್‌ಲೈನ್ ರೇಟ್ ನೋಡಿ." ರಾಯರ ಬಳಿ ಜಿಮ್ ರೀವ್ಸನ ಅದೇ ತಟ್ಟೆ ಎಷ್ಟು ಪ್ರತಿ ಇದೆಯೆಂದು ಲೆಡ್ಜರಿಗೆ ಗೊತ್ತು, ಮಾಮಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ತೊಳೆಯುವುದು ಭಾನುವಾರ ಬೆಳಿಗ್ಗೆ, ಹಿತ್ತಿಲ ಜಗಲಿಯಲ್ಲಿ. ಮೊದಲು ಲೇಬಲ್ಲಿಗೆ ರಕ್ಷಣೆ. ಅದು ಕಾಗದ, ನೆನೆದರೆ ಹೋಯಿತು. ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ ತಂದ ರಬ್ಬರ್ ವಾಷರು, ಮೇಲೊಂದು ಕೆಳಗೊಂದು ಡಬ್ಬಿಯ ಮುಚ್ಚಳ, ನಡುವಿನ ತೂತಿನಲ್ಲಿ ಒಂದು ಬೋಲ್ಟು. ತೂತು 7 ಮಿಲಿಮೀಟರಿಗಿಂತ ಚೂರೇ ದೊಡ್ಡದು, ಬೋಲ್ಟು ಹುಡುಕಲಿಕ್ಕೆ ಅರ್ಧ ದಿನ ಬೇಕಾಯಿತಂತೆ. ಆಮೇಲೆ ಬೇಸಿನ್ನಿನಲ್ಲಿ ಡಿಸ್ಟಿಲ್ಡ್ ವಾಟರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ಡು ಎರಡೇ ತೊಟ್ಟು. ನಳ್ಳಿನೀರು, ಬಾವಿನೀರು ನಿಷಿದ್ಧ. ನೀರು ಒಣಗಿದರೂ ಅದರೊಳಗಿನ ಸುಣ್ಣ, ಕಬ್ಬಿಣ ಗೆರೆಯೊಳಗೇ ಕೂರುತ್ತದೆ, ಆಮೇಲೆ ಹಾಡಿನ ನಡುವೆ ಚಟಪಟ. ಮೆತ್ತನೆಯ ಬ್ರಶ್ಶನ್ನು ಗೆರೆ ಹೋದ ದಿಕ್ಕಿನಲ್ಲೇ ಸುತ್ತಬೇಕು, ಅಡ್ಡ ಎಳೆಯಕೂಡದು. ಇನ್ನೊಂದು ಬೇಸಿನ್ನಿನಲ್ಲಿ ಬರೀ ನೀರಿನ ಸ್ನಾನ. ಆಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯುವುದು. ಉಜ್ಜಿದರೆ ಸ್ಟ್ಯಾಟಿಕ್ ಹುಟ್ಟಿ ಊರಿನ ಧೂಳೆಲ್ಲ ಅಲ್ಲಿಗೇ ಓಡಿ ಬರುತ್ತದೆ.

"ಒಂದು ಬದಿಯ ಗೆರೆ ಬಿಡಿಸಿ ಉದ್ದ ಮಾಡಿದ್ರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಆಗ್ತದೆ, ಗೊತ್ತುಂಟಾ?" ಎಂದು ರಾಯರು ಬ್ರಶ್ಶು ಎತ್ತಿ ಕೇಳುತ್ತಾರೆ.

"ಹಾಗಾದ್ರೆ ಅಷ್ಟು ದೂರ ಗುಡಿಸಿದ ಹಾಗಾಯ್ತು. ಅಂಗಳ ಬರೀ ಮೂವತ್ತು ಅಡಿ" ಎನ್ನುತ್ತಾರೆ ಒಳಗಿನಿಂದ ಮಾಮಿ.

ತೊಳೆದ ಎಲ್ಪಿಗಳು ಒಣಗುವುದು ಅಡುಗೆಮನೆಯ ಸ್ಟೀಲ್ ತಟ್ಟೆ ಸ್ಟ್ಯಾಂಡಿನಲ್ಲಿ. ಹನ್ನೆರಡು ಇಂಚಿನ ಎಲ್ಪಿಗೆ ಅದರಷ್ಟು ಹೇಳಿ ಮಾಡಿಸಿದ್ದು ಬೇರೆ ಸಿಕ್ಕಿಲ್ಲ. ಆದ್ದರಿಂದ ಭಾನುವಾರದ ಊಟ ಆ ಮನೆಯಲ್ಲಿ ಬಾಳೆಲೆಯ ಮೇಲೆ. ನೆಂಟರು ಸಂಪ್ರದಾಯಸ್ಥರ ಮನೆಯೆಂದು ಹೊಗಳುತ್ತಾರೆ.

ಈ ವಿಧಿಯೆಲ್ಲ ವಿನೈಲ್ ತಟ್ಟೆಗಳಿಗೆ. 78ರ ಕಥೆಯೇ ಬೇರೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ತಟ್ಟೆಗಳು ಪ್ಲಾಸ್ಟಿಕ್ಕಿನವಲ್ಲ, ಅರಗಿನವು. ಅರಗಿಗೆ ಕಲ್ಲಿನ ಹುಡಿ ಬೆರೆಸಿ ಒತ್ತಿದ್ದು. ಕಲ್ಕತ್ತದ ಹತ್ತಿರ ದಂ ದಂನ ಎಚ್‌ಎಂವಿ ಕಾರ್ಖಾನೆಯಲ್ಲಿ 1928ರಿಂದ ಇಡೀ ದೇಶಕ್ಕೆ ಅಚ್ಚಾಗಿ ಬರುತ್ತಿದ್ದವು. ಕೆಳಗೆ ಬಿದ್ದರೆ ಚೂರು. ಅದಕ್ಕಿಂತ ದೊಡ್ಡ ಶತ್ರು ಸ್ಪಿರಿಟ್. ಬಡಗಿಗಳು ಬಾಗಿಲಿಗೆ ಕೊಡುವ ಹಳೆಯ ಪಾಲಿಶು ಎಂದರೆ ಇದೇ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದ್ದು ತಾನೆ? ಎಲ್ಪಿ ತೊಳೆಯುವ ನೀರಿಗೆ ಚೂರು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕುವವರಿದ್ದಾರೆ, ತಪ್ಪಿಲ್ಲ. 78ಕ್ಕೆ ಮುಟ್ಟಿಸಿದರೆ ಹಾಡೇ ಕರಗುತ್ತದೆ.

2020ರಲ್ಲಿ ಬೆಂಗಳೂರಿನ ಅಳಿಯ ಲಾಕ್‌ಡೌನಿಗೆ ಸಿಕ್ಕಿಕೊಂಡು ಉರ್ವದಲ್ಲೇ ಉಳಿದ. ಒಳ್ಳೆಯ ಹುಡುಗ. ಹಾಲಿನ ಪ್ಯಾಕೆಟು, ಬಾಗಿಲ ಚಿಲಕ, ಬಸಳೆಯ ಕಟ್ಟು ಎಲ್ಲಕ್ಕೂ ಸ್ಯಾನಿಟೈಸರ್ ಹೊಡೆದ. ಗುಜರಿಯಿಂದ ಹೊಸದಾಗಿ ಬಂದು ಟೀಪಾಯಿಯ ಮೇಲೆ ಕೂತಿದ್ದ ಪಾಂಡೇಶ್ವರ ಕಾಳಿಂಗರಾಯರ 78 ಒಂದಕ್ಕೂ ಹೊಡೆದು, ಬಟ್ಟೆಯಿಂದ ಚೆನ್ನಾಗಿ ಒರೆಸಿದ. ಬಟ್ಟೆ ಕಪ್ಪಾಯಿತು. ಕೊಳೆ ಬಹಳ ಇದೆಯೆಂದು ಇನ್ನಷ್ಟು ಹೊಡೆದ, ಬಟ್ಟೆ ಇನ್ನಷ್ಟು ಕಪ್ಪಾಯಿತು. ರಾಯರು ಸ್ನಾನ ಮುಗಿಸಿ ಬರುವಾಗ ತಟ್ಟೆ ಹೊಳೆಯುತ್ತಿತ್ತು, ಗೆರೆ ಇರಲಿಲ್ಲ. ದುರ್ಯೋಧನನ ಅರಗಿನ ಮನೆಗಾದರೂ ಬೆಂಕಿ ಬೇಕಾಗಿತ್ತು, ಅಳಿಯನಿಗೆ ಐವತ್ತು ರೂಪಾಯಿಯ ಬಾಟಲಿ ಸಾಕಾಯಿತು. ರಾಯರು ಒಂದು ಮಾತೂ ಆಡಲಿಲ್ಲ. ಲೆಡ್ಜರ್ ತೆಗೆದು ಆ ಪುಟಕ್ಕೆ ಕೆಂಪು ಶಾಯಿಯಲ್ಲಿ 'ವಸೂಲಾಗದ ಸಾಲ' ಎಂದು ಬರೆದರು. ಅಳಿಯನಿಗೆ ಈಗಲೂ ಆ ಕೋಣೆಗೆ ಪ್ರವೇಶವಿಲ್ಲ, ಮೊಮ್ಮಗನಿಗೆ ಕೈ ತೊಳೆದರೆ ಉಂಟು.

ಮಳೆಗಾಲದಲ್ಲಿ ರಾಯರು ನಿದ್ದೆ ಮಾಡುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರು ಇದು. ಗೋಡೆಗೆ ತೂಗುಹಾಕಿದ ತೇವ ಅಳೆಯುವ ಮೀಟರು ಜುಲೈಯಲ್ಲಿ ತೊಂಬತ್ತರ ಆಚೀಚೆ ನಿಂತರೆ ಮತ್ತೆ ಕದಲುವುದಿಲ್ಲ. ಕೆಟ್ಟಿದೆಯೆಂದು ಅದನ್ನು ಅಂಗಡಿಗೆ ಒಯ್ದದ್ದೂ ಆಗಿದೆ. ಬೂಷ್ಟು ಮೊದಲು ಹಿಡಿಯುವುದು ರಟ್ಟಿನ ಕವರಿಗೆ, ಅಲ್ಲಿಂದ ತಟ್ಟೆಗೆ. ಒರಲೆಗೂ ರಟ್ಟೇ ಇಷ್ಟ. ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿ ಕಟ್ಟಿಟ್ಟರಾಯಿತಲ್ಲ ಎಂದರೆ ಅದೂ ಆಗದು: ದಪ್ಪ ಪಿವಿಸಿ ಕವರು ವರ್ಷಗಟ್ಟಲೆ ತಾಗಿಕೊಂಡಿದ್ದರೆ ಎಲ್ಪಿಯ ಮೇಲೆ ತೊಳೆದರೂ ಹೋಗದ ಮಂಕು ಕೂರುತ್ತದೆ. ಆದ್ದರಿಂದ ಕಬ್ಬಿಣದ ಕಪಾಟು, ತಳದಲ್ಲಿ ಸಣ್ಣ ಬಲ್ಬು. ಕ್ಯಾಮೆರಾದವರು ಲೆನ್ಸಿಗೆ ಮಾಡುವ ಹಳೆಯ ಉಪಾಯ. ಎಲ್‌ಇಡಿ ಬಿಸಿಯಾಗುವುದಿಲ್ಲ, ಹಾಗಾಗಿ ಹಂಪನಕಟ್ಟೆಯಲ್ಲಿ ಹಳೆಯ ತಂತಿಬಲ್ಬು ಎಲ್ಲಿ ಉಳಿದಿದೆಯೆಂದು ರಾಯರಿಗೆ ಬಾಯಿಪಾಠ. ಬಲ್ಬು ಹತ್ತಿರವಾದರೆ ತಟ್ಟೆ ಸೊಟ್ಟ, ದೂರವಾದರೆ ಬೂಷ್ಟು. ರಾತ್ರಿ ಎರಡು ಸಲ ಎದ್ದು ಕಪಾಟಿನ ಮೈ ಮುಟ್ಟಿ ನೋಡುತ್ತಾರೆ. ಮಕ್ಕಳಿಗೆ ಜ್ವರ ಬಂದಾಗ ಎದ್ದವರಲ್ಲ ಎಂಬುದು ಮಾಮಿಯ ಹೇಳಿಕೆ.

ಆ ಕಪಾಟು ಮೊದಲು ಮಾಮಿಯ ಪಟ್ಟೆಸೀರೆಗಳದ್ದಾಗಿತ್ತು.

"ಸೀರೆಗೆ ಬೂಷ್ಟು ಬಂದ್ರೆ?" ಎಂದು ಕೇಳಿದರಂತೆ.

"ಅದನ್ನು ಲಾಂಡ್ರಿಗೆ ಕೊಡ್ಲಿಕ್ಕೆ ಆಗ್ತದಲ್ಲ" ಎಂದರಂತೆ ರಾಯರು.

ಒಂದು ಆಟಿ ತಿಂಗಳ ಮಳೆಯಲ್ಲಿ ಫೆವಿಕಾಲ್ ಪ್ರಯೋಗವೂ ನಡೆಯಿತು. ಕೈಗೆ ಬಾರದ ಕೊಳೆಗೆ ಇದು ಹುಚ್ಚರ ಉಪಾಯದಂತೆ ಕಂಡರೂ ನಿಜವಾದ ಉಪಾಯವೇ. ಎಲ್ಪಿಯ ಮೇಲೆ ಬಿಳಿ ಅಂಟನ್ನು ದಪ್ಪಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಅಂಚಿನಿಂದ ಎಬ್ಬಿಸಿದರೆ ಪದರಕ್ಕೆ ಪದರವೇ ಎದ್ದು ಬರುತ್ತದೆ, ಗೆರೆಯ ಧೂಳನ್ನೆಲ್ಲ ಹೊತ್ತುಕೊಂಡು. ಷರತ್ತು ಒಂದೇ, ಒಣಗಬೇಕು. ಆಟಿಯಲ್ಲಿ ಉರ್ವದ ಬನಿಯನೇ ಒಣಗುವುದಿಲ್ಲ. ಮೂರನೆಯ ದಿನ ರಾಯರು ಫ್ಯಾನು ಹಾಕಿದರು. ಫ್ಯಾನಿನ ರೆಕ್ಕೆಯ ಮೇಲಿನ ಧೂಳೆಲ್ಲ ಇಳಿದು ಅಂಟಿನ ಮೇಲೆ ಕೂತಿತು. ಫೆವಿಕಾಲಿನ ತಪ್ಪೇನೂ ಇಲ್ಲ. ಅದೇ ಕೆಲಸ ಡಿಸೆಂಬರಿನಲ್ಲಿ ಮಾಡಿದಾಗ ಒಂದೇ ರಾತ್ರಿಯಲ್ಲಿ ಒಣಗಿ ಸೊಗಸಾಗಿ ಸುಲಿದು ಬಂತು. ಸುಲಿದ ಪದರವನ್ನೂ ರಾಯರು ಬಿಸಾಡಿಲ್ಲ, ಫೈಲಿಗೆ ಹಾಕಿದ್ದಾರೆ.

ಇಷ್ಟೆಲ್ಲ ನೋಡಿದ ಅತಿಥಿ ಸಹಜವಾಗಿ ಕೇಳುತ್ತಾನೆ: "ಒಂದು ಹಾಕಿ ಮಾರ್ರೆ, ಕೇಳುವ."

ರಾಯರ ಮುಖ ಸಣ್ಣದಾಗುತ್ತದೆ. ಮಳೆಗಾಲದಲ್ಲಿ ತೇವ, ಏಪ್ರಿಲಿನಲ್ಲಿ ಸೆಕೆ, ಡಿಸೆಂಬರಿನಲ್ಲಿ ಪಕ್ಕದ ಕಟ್ಟಡದ ಸಿಮೆಂಟು ಧೂಳು. ಬೆಳಿಗ್ಗೆ ಒಗ್ಗರಣೆಯ ಹೊಗೆ, ಸಂಜೆ ಸೊಳ್ಳೆಬತ್ತಿಯ ಹೊಗೆ. ಅದೂ ಅಲ್ಲದೆ ಸೂಜಿ. ವಜ್ರದ ಸೂಜಿಗೆ ಹೆಚ್ಚೆಂದರೆ ಸಾವಿರ ಗಂಟೆ ಆಯುಷ್ಯ ಎನ್ನುತ್ತಾರೆ, ಲೆಡ್ಜರಿನಲ್ಲಿ ಅದಕ್ಕೂ ಖಾತೆ ಉಂಟು. ಕೊಂಡು ಎಷ್ಟೋ ವರ್ಷವಾದರೂ ಬಾಕಿ ಇನ್ನೂ 962 ಗಂಟೆ. ಆಯುಧಪೂಜೆಯ ದಿನ ಪ್ಲೇಯರಿಗೆ ಕುಂಕುಮ ಹಚ್ಚಲು ಸಹ ಬಿಡುವುದಿಲ್ಲ, ಹುಡಿ ಬೆಲ್ಟಿಗೆ ಇಳಿಯುತ್ತದೆಂದು ಮುಚ್ಚಳ ಹಾಕಿ ಅದರ ಮೇಲೊಂದು ಹೂವಿಡುತ್ತಾರೆ. ಚಿತ್ರಕಾರ ಫ್ರಾನ್ಸಿಸ್ ಬರಾಡ್ 1899ರಲ್ಲಿ ಗ್ರಾಮಫೋನ್ ಕಂಪನಿಗೆ ಮಾರಿದ ಚಿತ್ರದ ಆ ನಾಯಿ ಕಹಳೆಗೆ ಕಿವಿಕೊಟ್ಟು ಎಚ್‌ಎಂವಿ ಲೇಬಲ್ಲಿನ ಮೇಲೆ ಕೂತಿದೆಯಲ್ಲ, ರಾಯರ ಮನೆಯಲ್ಲಿ ಕೇಳುವ ಆಸೆ ಬಿಡದೆ ಕೂತಿರುವುದು ಅದೊಂದೇ.

ಹಾಗೆಂದು ಅವರಿಗೆ ಸಂಗೀತ ಬೇಡವೆಂದಲ್ಲ. ಭಾನುವಾರ ಜಗಲಿಯಲ್ಲಿ ಸುಪ್ರಭಾತದ ಎಲ್ಪಿಯನ್ನು ಬೇಸಿನ್ನಿನಲ್ಲಿ ಸುತ್ತುತ್ತಿರುವಾಗ ಪಕ್ಕದ ಕಿಟಕಿಯಲ್ಲಿ ಮೊಬೈಲು ಇರುತ್ತದೆ. ಯೂಟ್ಯೂಬಿನಲ್ಲಿ ಎಂ.ಎಸ್. ಅದೇ ಸುಪ್ರಭಾತ ಹಾಡುತ್ತಿರುತ್ತಾರೆ, ನಡುನಡುವೆ ಜಾಹೀರಾತಿನ ಸಮೇತ. ಇದೇನೆಂದು ಕೇಳಿದರೆ ಬ್ಯಾಂಕಿನವರ ಉತ್ತರ ಸಿದ್ಧ: "ಅಸಲು ಮುಟ್ಟಬಾರ್ದು ಮಾರಾಯ, ಬಡ್ಡಿಯಲ್ಲೇ ಬದುಕಬೇಕು."

ಆದ್ದರಿಂದ ಉರ್ವದವರಲ್ಲಿ ಒಂದು ವಿನಂತಿ. ಮನೆ ಕೆಡವುವುದಿದ್ದು ಅಟ್ಟದಲ್ಲಿ ತಟ್ಟೆಗಳು ಕಂಡರೆ ಗುಜರಿಗೆ ಹಾಕಬೇಡಿ, ನಳ್ಳಿಯ ಕೆಳಗೆ ಹಿಡಿಯಬೇಡಿ, ಬಿಸಿಲಿಗೆ ಇಡಲೇಬೇಡಿ. ನೆಟ್ಟಗೆ ನಿಲ್ಲಿಸಿ ರಾಯರಿಗೊಂದು ಫೋನು ಮಾಡಿ, ಜಡಿಮಳೆಯಲ್ಲೂ ಪ್ಲಾಸ್ಟಿಕ್ ಹೊದ್ದುಕೊಂಡು ಬರುತ್ತಾರೆ. ಅವರ ಕೈಯಲ್ಲಿ ನಿಮ್ಮ ತಟ್ಟೆ ಇನ್ನೂ ನೂರು ವರ್ಷ ಬಾಳುತ್ತದೆ. ಅದರೊಳಗಿನ ಹಾಡು ಕೇಳಬೇಕೆಂದಿದ್ದರೆ ಮಾತ್ರ, ಕೊಡುವ ಮೊದಲೇ ಕೇಳಿಬಿಡಿ.